ಅದಿರು ಸಾಗಣೆಗೆ 55 ಟನ್ ಎಲೆಕ್ಟ್ರಿಕ್ ಟ್ರೇಲರ್: ಬ್ಯಾಟರಿ ಎಷ್ಟು ದೊಡ್ಡದು ಬೇಕು, ಚಾರ್ಜರ್ ಎಲ್ಲಿ ಹಾಕಬೇಕು?

ಅದಿರು_ಟ್ರಿಪ್

ಸಂಡೂರು ಗುಡ್ಡದ ಮೇಲಿನ ಗಣಿಯಿಂದ ತೋರಣಗಲ್ಲು ಕಡೆಯ ಯಾರ್ಡಿಗೆ ಕಬ್ಬಿಣದ ಅದಿರು ಹೊಡೆಯಲು 10 ಎಲೆಕ್ಟ್ರಿಕ್ ಗಾಡಿ ಹಾಕುವ ಯೋಚನೆ ಇದೆ. 4×2 ಟ್ರಾಕ್ಟರ್ (ಟ್ರೇಲರ್ ಎಳೆಯುವ ಲಾರಿ, ಹಿಂದಿನ ಒಂದೇ ಆಕ್ಸಲ್‌ಗೆ ಮೋಟರ್ ಬಲ), ಹಿಂದೆ ಟಿಪ್ಪಿಂಗ್ ಟ್ರೇಲರ್, ಒಟ್ಟು ತೂಕ 55 ಟನ್. ದಾರಿಯ ವಿವರ ಹೀಗಿದೆ:

ಗಣಿಯಿಂದ ಡಾಂಬರು ರಸ್ತೆವರೆಗೆ 6 ಕಿ.ಮೀ. ಕಚ್ಚಾ ರಸ್ತೆ, ಅಷ್ಟರಲ್ಲಿ 250 ಮೀಟರ್ ಇಳಿತ. ಆಮೇಲೆ 30 ಕಿ.ಮೀ. ಡಾಂಬರು, ಅದರಲ್ಲಿ ಇನ್ನೊಂದು 100 ಮೀಟರ್ ಇಳಿತ. ಇಳಿಯುವಾಗ ಲೋಡು, ಹತ್ತುವಾಗ ಖಾಲಿ. ಡೀಸೆಲ್ ಗಾಡಿಗೆ ಒಂದು ಸುತ್ತಿಗೆ, ಅಂದರೆ 72 ಕಿ.ಮೀ.ಗೆ, ಸುಮಾರು 25 ಲೀಟರ್ ಹೋಗುತ್ತದೆ. ಬಾಡಿಗೆ ಟನ್ನಿಗೆ 250 ರೂಪಾಯಿ ಹಿಡಿದುಕೊಳ್ಳಿ.

450 ಯೂನಿಟ್ (ಕಿಲೋವ್ಯಾಟ್-ಗಂಟೆ) ಬ್ಯಾಟರಿಯ ಗಾಡಿಯನ್ನೇ ತೆಗೆದುಕೊಂಡು, ಚಾರ್ಜರನ್ನು ಗಣಿಯ ಲೋಡಿಂಗ್ ಪಾಯಿಂಟಿನಲ್ಲಿ ಹಾಕುವುದು ಸದ್ಯದ ಪ್ಲಾನ್. ಲೋಡಿಂಗಿಗೆ ಹೇಗೂ ಅಲ್ಲಿ ಸರದಿ ನಿಲ್ಲಬೇಕು, ಆ ಹೊತ್ತಿನಲ್ಲೇ ಚಾರ್ಜ್ ಆಗಲಿ ಅಂತ. ಇದರಲ್ಲಿ ಎಲ್ಲಿ ತಪ್ಪಿದೆ ಹೇಳಿ.

ಇಳಿಜಾರು_ಲೆಕ್ಕ

ಎರಡೂ ಕಡೆ ತಪ್ಪಿದೆ. ಬ್ಯಾಟರಿ ಬೇಕಾದ್ದಕ್ಕಿಂತ ದೊಡ್ಡದು, ಚಾರ್ಜರ್ ತಪ್ಪು ಜಾಗದಲ್ಲಿದೆ.

ಮೊದಲು ಒಂದು ಕೈಲೆಕ್ಕ ಇಟ್ಟುಕೊಳ್ಳಿ. 55 ಟನ್ ಗಾಡಿ 100 ಮೀಟರ್ ಎತ್ತರ ಹತ್ತಿದರೆ ಗಾಲಿಯಲ್ಲಿ 15 ಯೂನಿಟ್ ಬೇಕು. ಇಳಿದರೆ ಅಷ್ಟೇ ಬಿಡುಗಡೆಯಾಗುತ್ತದೆ. ಉರುಳುವಾಗಿನ ತಡೆಗೆ ಒಳ್ಳೆಯ ಡಾಂಬರಿನಲ್ಲಿ ಕಿ.ಮೀ.ಗೆ ಸುಮಾರು 1 ಯೂನಿಟ್ ಸಾಕು, ಸಡಿಲ ಮಣ್ಣಿನ ಕಚ್ಚಾ ರಸ್ತೆಯಲ್ಲಿ ಅದೇ 3 ಯೂನಿಟ್ ಆಗುತ್ತದೆ. ಮಳೆ ಬಂದು ಗಾಲಿ ಹೂತರೆ ಇನ್ನೂ ಮೇಲೆ.

ಲೋಡು ಇಳಿಯುವಾಗ: ಕಚ್ಚಾ ರಸ್ತೆಯ 250 ಮೀಟರ್ ಇಳಿತದಿಂದ 37 ಯೂನಿಟ್ ಸಿಗುತ್ತದೆ, ಅದರಲ್ಲಿ 18 ಯೂನಿಟ್ ಆ ರಸ್ತೆಯೇ ತಿನ್ನುತ್ತದೆ. ಉಳಿದ 19ರಲ್ಲಿ ಮೋಟರ್, ಇನ್ವರ್ಟರ್, ಬ್ಯಾಟರಿಯ ನಷ್ಟ ಕಳೆದು 15 ಯೂನಿಟ್ ವಾಪಸ್ ಬ್ಯಾಟರಿಗೆ ಹೋಗುತ್ತದೆ. ಡಾಂಬರಿಗೆ ಇಳಿದ ಮೇಲೆ, ಗಾಳಿಯ ತಡೆ, ನಷ್ಟ ಸೇರಿಸಿ 100 ಮೀಟರ್ ಇಳಿತದ ಲಾಭ ಕಳೆದರೆ, 30 ಕಿ.ಮೀ.ಗೆ ಸುಮಾರು 30 ಯೂನಿಟ್ ಖರ್ಚು. ಅಂದರೆ ಲೋಡಿನ ಟ್ರಿಪ್ಪಿಗೆ ನಿವ್ವಳ ಬರೀ 15.

ಖಾಲಿ ಹತ್ತುವಾಗ: ಟ್ರೇಲರ್ ಸೇರಿ 19 ಟನ್ ಹಿಡಿದರೆ ಇಡೀ ದಾರಿಗೆ ಸುಮಾರು 50 ಯೂನಿಟ್. ಒಟ್ಟು 65. ಸರದಿಯಲ್ಲಿ ಎಸಿ ಹಾಕಿಕೊಂಡು ನಿಲ್ಲುವುದು, ಹಂಪು, ಓವರ್‌ಟೇಕ್, ಬ್ಯಾಟರಿ ತಂಪು ಮಾಡುವ ಚಿಲ್ಲರ್, ಎಲ್ಲ ಸೇರಿಸಿ 80 ಯೂನಿಟ್ ಅಂತ ಇಟ್ಟುಕೊಳ್ಳಿ. ಇದೇ ದಾರಿಯಲ್ಲಿ ಲೋಡು ಮೇಲಕ್ಕೆ ಹೊರಬೇಕಿದ್ದರೆ ಒಂದು ಸುತ್ತಿಗೆ 150ರ ಹತ್ತಿರ ಬರುತ್ತಿತ್ತು. ಇಳಿಜಾರು ನಿಮ್ಮ ಪಾಲಿಗಿದೆ.

ಈಗ ಚಾರ್ಜರ್. ಗುಡ್ಡದ ಮೇಲೆ ಬ್ಯಾಟರಿ ತುಂಬಿಸಿಕೊಂಡು 55 ಟನ್ ಹೊತ್ತು ಇಳಿಯಲು ಹೊರಟರೆ ಆ 15 ಯೂನಿಟ್‌ಗೆ ಜಾಗವೇ ಇರುವುದಿಲ್ಲ. 90 ಶೇಕಡಾ ದಾಟಿದ ಮೇಲೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಕಂಟ್ರೋಲರ್) ಒಳಬರುವ ಕರೆಂಟನ್ನು ಕತ್ತರಿಸುತ್ತಾ ಬರುತ್ತದೆ. ರೀಜೆನ್, ಅಂದರೆ ಮೋಟರೇ ಗಾಡಿಯನ್ನು ತಡೆದು ಬ್ಯಾಟರಿ ತುಂಬಿಸುವುದು, ಸಿಗದಿದ್ದರೆ ಉಳಿಯುವುದು ಕಾಲಿನ ಬ್ರೇಕ್ ಒಂದೇ. ಡೀಸೆಲ್ ಗಾಡಿಯಲ್ಲಿ ಎಕ್ಸಾಸ್ಟ್ ಬ್ರೇಕು, ಕಡಿಮೆ ಗೇರು ಇರುತ್ತವೆ, ಇಲ್ಲಿ ಅವೆರಡೂ ಇಲ್ಲ. 6 ಕಿ.ಮೀ. ಕಾಲಿನ ಬ್ರೇಕಿನಲ್ಲೇ ಇಳಿದರೆ ಡ್ರಮ್ ಕಾದು ಲೈನಿಂಗ್ ಹಿಡಿತ ಬಿಡುತ್ತದೆ.

ಚಾರ್ಜರ್ ಕೆಳಗೆ, ಯಾರ್ಡಿನಲ್ಲಿ ಇದ್ದರೆ ಈ ತಲೆನೋವು ತಾನಾಗಿ ಹೋಗುತ್ತದೆ. 90ಕ್ಕೆ ತುಂಬಿಸಿ ಹೊರಟ 300 ಯೂನಿಟ್ ಗಾಡಿ ಖಾಲಿ ಹತ್ತಿ ಗಣಿ ಸೇರುವ ಹೊತ್ತಿಗೆ 70ರ ಆಸುಪಾಸಿನಲ್ಲಿರುತ್ತದೆ, ಇಳಿಯುವಾಗ ರೀಜೆನ್‌ಗೆ ಧಾರಾಳ ಜಾಗ. ಇನ್ನೊಂದು ವಿಷಯ: ಗಣಿ ಇಲಾಖೆಯ ಟ್ರಿಪ್ ಶೀಟಿಗೆ (ಅದಿರು ಸಾಗಿಸುವ ಪರವಾನಗಿ ಚೀಟಿ) ಸಮಯದ ಮಿತಿ ಇರುತ್ತದೆ. ಲೋಡು ಹೊತ್ತ ಗಾಡಿಯನ್ನು ಚಾರ್ಜಿಗೆ ನಿಲ್ಲಿಸುವ ಪರಿಸ್ಥಿತಿಯೇ ಬರಬಾರದು.

ಸ್ವಿಟ್ಜರ್ಲೆಂಡಿನ ಬೀಲ್ ಹತ್ತಿರದ ಕ್ವಾರಿಯಲ್ಲಿ ಕೊಮಾತ್ಸು ಡಂಪರ್‌ಗೆ 600 ಯೂನಿಟ್ ಬ್ಯಾಟರಿ ಕೂರಿಸಿದ್ದಾರೆ, 65 ಟನ್ ಕಲ್ಲು ತುಂಬಿ ಇಳಿಯುವಾಗ ತಾನೇ ಚಾರ್ಜ್ ಆಗುತ್ತದೆ ಅನ್ನುವ ವಿಡಿಯೋ ತೋರಿಸಿ ಯಾರಾದರೂ 'ಕರೆಂಟೇ ಬೇಡ' ಅಂದರೆ ನಂಬಬೇಡಿ. ಅಲ್ಲಿ ಇಳಿಜಾರು 13 ಶೇಕಡಾ, ದಾರಿ ಗಿಡ್ಡ. ನಿಮ್ಮದು ಸರಾಸರಿ 4 ಶೇಕಡಾ, ಮುಂದೆ 30 ಕಿ.ಮೀ. ಬಯಲು.

ಎಚ್‌ಟಿ_ಪ್ಯಾನೆಲ್

ಮೇಲಿನ 80 ಯೂನಿಟ್ ಲೆಕ್ಕವನ್ನೇ ಹಿಡಿದು ಮುಂದುವರಿಸುತ್ತೇನೆ. ಚಾರ್ಜಿಂಗ್ ನಷ್ಟ ಸೇರಿ ಮೀಟರಿನಲ್ಲಿ ಸುತ್ತಿಗೆ 87 ಯೂನಿಟ್ ಬೀಳುತ್ತದೆ. 10 ಗಾಡಿ, ದಿನಕ್ಕೆ 6 ಸುತ್ತು ಅಂದರೆ 5,220 ಯೂನಿಟ್. ಸಮನಾಗಿ ಹರಡಿದರೆ 22 ಗಂಟೆಗೆ ಸರಾಸರಿ 240 ಕಿ.ವ್ಯಾ. ಸಾಕು, ಆದರೆ ಗಾಡಿಗಳು ಸಮನಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಹಾಗಾಗಿ 240 ಕಿ.ವ್ಯಾ.ನ ಎರಡು ಚಾರ್ಜರ್, ಒಟ್ಟು ನಾಲ್ಕು ಗನ್ (ಗಾಡಿಗೆ ಚುಚ್ಚುವ ಪ್ಲಗ್). ನಷ್ಟ, ಪವರ್ ಫ್ಯಾಕ್ಟರ್, ಯಾರ್ಡಿನ ದೀಪ ಎಲ್ಲ ಸೇರಿ ಬೇಡಿಕೆ 560 ಕೆವಿಎ.

ಇದು ಎಲ್‌ಟಿಯಲ್ಲಿ (415 ವೋಲ್ಟಿನ ಮಾಮೂಲಿ ಸಂಪರ್ಕ) ಆಗುವ ಮಾತಲ್ಲ. ಇಲ್ಲಿನ ವಿದ್ಯುತ್ ಕಂಪನಿ ಜೆಸ್ಕಾಂನಿಂದ ಹೆಚ್ಚು ವೋಲ್ಟೇಜಿನ 11 ಕೆವಿ ಎಚ್‌ಟಿ ಸಂಪರ್ಕ, ಎಚ್‌ಟಿ ಮೀಟರಿಂಗ್ ಕ್ಯೂಬಿಕಲ್, ಬ್ರೇಕರ್, 11/0.415 ಕೆವಿ ಟ್ರಾನ್ಸ್‌ಫಾರ್ಮರ್ ಬೇಕು. 750 ಕೆವಿಎ ಸಾಕಾಗುತ್ತದೆ, ಗಾಡಿ ಹೆಚ್ಚಿಸುವ ಯೋಚನೆ ಇದ್ದರೆ ಈಗಲೇ 1,000 ಹಾಕಿ. 11 ಕೆವಿ ಕಡೆ 30 ಆಂಪಿಯರ್ ಅಷ್ಟೇ, ಎಲ್‌ಟಿ ಕಡೆ 780 ಆಂಪಿಯರ್. ಆದ್ದರಿಂದ ಟ್ರಾನ್ಸ್‌ಫಾರ್ಮರನ್ನು ಚಾರ್ಜರ್ ಪಕ್ಕದಲ್ಲೇ ಇಡಿ. 150 ಮೀಟರ್ ಆಚೆ ಗೇಟಿನ ಬಳಿ ಇಟ್ಟರೆ ಎಲ್‌ಟಿ ಕೇಬಲ್ಲಿಗೆ ಸುರಿಯುವ ದುಡ್ಡಿನಲ್ಲಿ ಇನ್ನೊಂದು ಸಣ್ಣ ಚಾರ್ಜರ್ ಬರುತ್ತದೆ. ಕೊನೆಗೆ ವಿದ್ಯುತ್ ಪರಿವೀಕ್ಷಣಾಲಯದ ಒಪ್ಪಿಗೆ ಇಲ್ಲದೆ ಚಾಲೂ ಮಾಡುವಂತಿಲ್ಲ. ಗಾಡಿ ಬುಕ್ ಮಾಡುವ ಮೊದಲು ಎಚ್‌ಟಿ ಅರ್ಜಿ ಹಾಕಿ. ಫೀಡರಿನಲ್ಲಿ ಜಾಗ ಇಲ್ಲದೆ ಹೊಸ ಲೈನ್ ಎಳೆಯಬೇಕಾಗಿ ಬಂದರೆ ಗಾಡಿ ಬಂದು ತಿಂಗಳುಗಟ್ಟಲೆ ನಿಲ್ಲುತ್ತದೆ.

ಬಿಲ್ಲಿನಲ್ಲಿ ಏಟು ಕೊಡುವುದು ಯೂನಿಟ್ ದರ ಅಲ್ಲ, ಡಿಮ್ಯಾಂಡ್ ಚಾರ್ಜ್, ಅಂದರೆ ಒಂದೇ ಹೊತ್ತಿಗೆ ಎಷ್ಟು ಕೆವಿಎ ಎಳೆದಿರಿ ಅನ್ನುವುದರ ಮೇಲಿನ ಶುಲ್ಕ. ಒಪ್ಪಂದದ ಕೆವಿಎ ದಾಟಿದರೆ ದಂಡದ ದರ ಬೀಳುತ್ತದೆ, ತಿಂಗಳಲ್ಲಿ ಒಂದೇ ಒಂದು ಸಲ ನಾಲ್ಕೂ ಗನ್ ಪೂರ್ತಿ ಓಡಿದರೂ ಮೀಟರ್ ಅದನ್ನು ಬರೆದುಕೊಂಡಿರುತ್ತದೆ. ಚಾರ್ಜರ್ ಕೊಳ್ಳುವಾಗ ಲೋಡ್ ಮ್ಯಾನೇಜ್‌ಮೆಂಟ್ ಇದೆಯಾ, ಒಟ್ಟು ಮಿತಿ ಹಾಕಿದರೆ ಗನ್‌ಗಳ ನಡುವೆ ತಾನೇ ಹಂಚುತ್ತದಾ ಕೇಳಿ.

ಇನ್ನು '240 ಕಿ.ವ್ಯಾ.' ಅನ್ನುವ ಬೋರ್ಡು. ಅದು ಎರಡು ಗನ್ ಸೇರಿ. ತಂಪು ದ್ರವ ಓಡದ ಮಾಮೂಲಿ ಸಿಸಿಎಸ್2 (ವೇಗದ ಚಾರ್ಜಿಂಗಿನ ಒಂದು ಮಾನಕ) ಗನ್ 200ರಿಂದ 250 ಆಂಪಿಯರ್‌ಗೆ ನಿಲ್ಲುತ್ತದೆ. ನಿಮ್ಮ ಪ್ಯಾಕ್ 620 ವೋಲ್ಟ್ ಇದ್ದರೆ 250 × 620, ಅಂದರೆ 155 ಕಿ.ವ್ಯಾ. ಅಷ್ಟೇ ಹೋಗುವುದು. ಗಾಡಿಯಲ್ಲಿ ಎರಡು ಚಾರ್ಜಿಂಗ್ ಸಾಕೆಟ್ ಇದ್ದು ಎರಡೂ ಗನ್ ಒಟ್ಟಿಗೆ ಚುಚ್ಚಲು ಬರುವುದಾದರೆ ಮಾತ್ರ 240ರ ಹತ್ತಿರ ಹೋಗಬಹುದು. ಆಗಲೂ ಬಿಎಂಎಸ್ ಎಷ್ಟು ಕೇಳುತ್ತದೋ ಅಷ್ಟೇ. ಗಾಡಿ ಮಾರುವವರಿಂದ ಚಾರ್ಜಿಂಗ್ ಕರ್ವ್ ಬರಹದಲ್ಲಿ ತೆಗೆದುಕೊಳ್ಳಿ: 20, 50, 80 ಶೇಕಡಾದಲ್ಲಿ ತಲಾ ಎಷ್ಟು ಕಿ.ವ್ಯಾ., ಹೊರಗೆ 42 ಡಿಗ್ರಿ ಇರುವಾಗ ಎಷ್ಟು. ಬಳ್ಳಾರಿ ಬಿಸಿಲಿನಲ್ಲಿ ಎರಡನೆಯ ಸಂಖ್ಯೆಯೇ ನಿಮ್ಮದು.

ಕೆಂಪು ದೂಳು ಚಾರ್ಜರಿಗೆ ಶತ್ರು. ಗಾಳಿಯಿಂದ ತಂಪಾಗುವ ಚಾರ್ಜರಿನ ಫಿಲ್ಟರ್ ಕಟ್ಟಿಕೊಂಡರೆ ಒಳಗಿನ ಪವರ್ ಮಾಡ್ಯೂಲ್‌ಗಳು ಕಾದು ತಾವೇ ಪವರ್ ಇಳಿಸುತ್ತವೆ. ಡ್ರೈವರ್ 'ಇವತ್ತು ಚಾರ್ಜ್ ನಿಧಾನ' ಅಂತಾನೆ, ಕಾರಣ ಫಿಲ್ಟರಿನಲ್ಲಿರುತ್ತದೆ. ಅದಿರು ಯಾರ್ಡಿನಲ್ಲಿ ಕಂಪನಿ ಹೇಳಿದ ಅವಧಿ ಮರೆತುಬಿಡಿ, ವಾರಕ್ಕೊಮ್ಮೆ ತೆಗೆದು ಊದಿ. ಗನ್ನಿನ ಪಿನ್ನಿಗೆ ದೂಳು ಕೂತರೆ ಅಲ್ಲಿ ಬಿಸಿಯಾಗಿ ಸೆನ್ಸರ್ ಕರೆಂಟ್ ಇಳಿಸುತ್ತದೆ. ಗನ್ ನೆಲಕ್ಕೆ ಬಿಸಾಡದಂತೆ ಮೇಲಿನಿಂದ ತೂಗುವ ಸ್ಪ್ರಿಂಗ್ ಬ್ಯಾಲೆನ್ಸರ್ ಹಾಕಿಸಿ, ಸಣ್ಣ ಖರ್ಚು.

ಅದಿರು_ಟ್ರಿಪ್

ಚಾರ್ಜರ್ ಕೆಳಗೆ ಅನ್ನುವುದು ಒಪ್ಪಿದೆ. ಆದರೆ ಬ್ಯಾಟರಿ ದೊಡ್ಡದಿದ್ದರೆ ನಷ್ಟವೇನು? ಕರೆಂಟ್ ಕೈಕೊಟ್ಟ ದಿನಕ್ಕೆ ಆಸರೆ ಇರಲಿ ಅಂತ 450.

ಇಳಿಜಾರು_ಲೆಕ್ಕ

ನಷ್ಟ ತೂಕದ್ದು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ) ಪ್ಯಾಕ್ ಯೂನಿಟ್ಟಿಗೆ ಸುಮಾರು 7 ಕಿಲೋ. 300 ಯೂನಿಟ್ಟಿಗೆ 2.1 ಟನ್, ಜೊತೆಗೆ ಮೋಟರ್, ಇನ್ವರ್ಟರ್, ಚಿಲ್ಲರ್, ಪ್ಯಾಕ್ ಕೂರುವ ಚೌಕಟ್ಟು 0.9 ಟನ್. ಬಿಚ್ಚಿದ ಎಂಜಿನ್, ಗೇರ್‌ಬಾಕ್ಸ್, ತುಂಬಿದ ಟ್ಯಾಂಕ್ 1.3 ಟನ್. ಹಾಗಾಗಿ ಡೀಸೆಲ್ ಗಾಡಿಗಿಂತ 1.7 ಟನ್ ಭಾರ. 450 ಆದರೆ 2.75 ಟನ್. 55ರ ಮಿತಿ ಎರಡಕ್ಕೂ ಒಂದೇ ಆದ್ದರಿಂದ ಅದಷ್ಟೂ ಅದಿರಿನಿಂದ ಕಡಿತ. ಯುರೋಪಿನಲ್ಲಿ ಹೊಗೆ ಉಗುಳದ ಲಾರಿಗೆ 2 ಟನ್ ವಿನಾಯಿತಿ ಕೊಟ್ಟಿರುವುದು ಇದೇ ಕಾರಣಕ್ಕೆ.

ದುಡ್ಡಿಗೆ ಹಾಕಿ ನೋಡಿ. ಡೀಸೆಲ್ 25 ಲೀಟರ್, 90 ರೂಪಾಯಿಯಂತೆ 2,250. ಕರೆಂಟ್ 87 ಯೂನಿಟ್, ಡಿಮ್ಯಾಂಡ್ ಚಾರ್ಜ್ ಸೇರಿ 8 ರೂಪಾಯಿ ಹಿಡಿದರೆ 700. ಉಳಿತಾಯ 1,550. ಇದರಿಂದ ಕಡಿಮೆ ಹೊತ್ತ ಅದಿರಿನ ಬಾಡಿಗೆ ಕಳೆಯಿರಿ: 300ರ ಗಾಡಿಗೆ 425, 450ರ ಗಾಡಿಗೆ ಸುಮಾರು 690. ದೊಡ್ಡ ಬ್ಯಾಟರಿ ಕೊಂಡವರು ಉಳಿತಾಯದ ಹತ್ತಿರ ಹತ್ತಿರ ಅರ್ಧ ಭಾಗವನ್ನು ತೂಕಕ್ಕೇ ಕೊಟ್ಟಂತಾಯಿತು, ಮೇಲೆ ಗಾಡಿಯ ಬೆಲೆಯೂ ಜಾಸ್ತಿ.

300ರ ಗಾಡಿಗೆ ಸುತ್ತಿಗೆ ಉಳಿಯುವುದು 1,125. ಡೀಸೆಲ್ ಗಾಡಿಗಿಂತ ಹೆಚ್ಚುವರಿ ಬೆಲೆ, ಸಬ್ಸಿಡಿ ಕಳೆದು 75 ಲಕ್ಷ ಅಂದುಕೊಂಡರೆ, 11 ಶೇಕಡಾ ಬಡ್ಡಿಗೆ 5 ವರ್ಷದ ಇಎಂಐ 1.63 ಲಕ್ಷ. ದಿನಕ್ಕೆ 4 ಸುತ್ತು, 25 ದಿನ ಓಡಿದರೆ ಉಳಿತಾಯ 1.12 ಲಕ್ಷ, ಮುಳುಗುತ್ತದೆ. 6 ಸುತ್ತು ಓಡಿದರೆ 1.69 ಲಕ್ಷ, ತೇಲುತ್ತದೆ. ಎಂಜಿನ್ ಆಯಿಲ್, ಡಿಇಎಫ್ (ಹೊಗೆ ಶುದ್ಧಿಗೆ ಹಾಕುವ ದ್ರವ), ಕ್ಲಚ್ ಉಳಿದದ್ದು ಇದರ ಮೇಲೆ, ಚಾರ್ಜರ್ ಮತ್ತು ಎಚ್‌ಟಿ ಖರ್ಚಿನ ಪಾಲು ಇದರ ಕೆಳಗೆ.

6 ಸುತ್ತು ಅಂದರೆ ಲೋಡು ಇಳಿಯಲು 75 ನಿಮಿಷ, ಹತ್ತಲು 60, ಲೋಡಿಂಗ್-ಅನ್‌ಲೋಡಿಂಗ್ 60. ಒಟ್ಟು ಹತ್ತೊಂಬತ್ತೂವರೆ ಗಂಟೆ, ಚಾರ್ಜಿಂಗ್ ಬೇರೆ. ಎರಡು ಡ್ರೈವರ್, ರಾತ್ರಿ ಸಾಗಣೆಗೆ ಅವಕಾಶ, ರಾತ್ರಿಯೂ ತೆರೆದಿರುವ ವೇಬ್ರಿಡ್ಜ್, ಈ ಮೂರರಲ್ಲಿ ಒಂದಿಲ್ಲದಿದ್ದರೂ ಬೇಡ. ಆಸರೆಗೆ ಬ್ಯಾಟರಿ ದೊಡ್ಡದು ಮಾಡುವುದಕ್ಕಿಂತ, ಕರೆಂಟ್ ಬಂದೊಡನೆ ಬೇಗ ತುಂಬಿಸಿಕೊಳ್ಳಲು ಮೂರನೇ ಚಾರ್ಜರ್ ಹಾಕಿ, ಅದನ್ನು ಗಾಡಿ ಹೊತ್ತುಕೊಂಡು ತಿರುಗಬೇಕಿಲ್ಲ.

ಏರ್‌ಬ್ರೇಕ್

ಕರೆಂಟಿನ ಲೆಕ್ಕ ಮುಗಿಯಿತು ಅನ್ನುವುದಾದರೆ ಗಾಡಿಯ ಕಡೆ ಬರೋಣ. ಇಳಿಜಾರು ನಿಮ್ಮ ಪಾಲಿಗಿದೆ ಅಂತ ಮೇಲೆ ಬರೆದಿದ್ದಾರೆ. ಮಳೆಗಾಲದಲ್ಲಿ ಅದೇ ತಿರುಗಿಬೀಳುತ್ತದೆ.

ರೀಜೆನ್ ಬ್ರೇಕ್ ಹಾಕುವುದು ಮೋಟರ್ ಇರುವ ಆಕ್ಸಲ್‌ಗೆ ಮಾತ್ರ. 4×2 ಟ್ರಾಕ್ಟರಿನಲ್ಲಿ ಆ ಆಕ್ಸಲ್ ಮೇಲೆ ಇರುವುದು 10.5 ಟನ್ ಆಸುಪಾಸು. ಒದ್ದೆ ಕೆಮ್ಮಣ್ಣಿನಲ್ಲಿ ಟೈರಿನ ಹಿಡಿತ 0.3 ಅಂದರೆ ಅದು ಹಿಡಿಯಬಲ್ಲದ್ದು 31 ಕಿಲೋನ್ಯೂಟನ್. ಗಣಿ ರಸ್ತೆ 16ಕ್ಕೆ 1ರೊಳಗೆ ಇರಬೇಕೆಂಬ ನಿಯಮ ಇದ್ದರೂ ಸಣ್ಣ ರ್ಯಾಂಪ್‌ಗಳು 10ಕ್ಕೆ 1 ಇರುತ್ತವೆ. ಅಂಥ ಕಡೆ 55 ಟನ್ನನ್ನು ಒಂದೇ ವೇಗದಲ್ಲಿ ಇಳಿಸಲು 43 ಕಿಲೋನ್ಯೂಟನ್ ಬೇಕು. ಉಳಿದ 12 ಎಲ್ಲಿಂದ? ಗಾಲಿ ಜಾರುತ್ತದೆ, ಎಬಿಎಸ್ ರೀಜೆನ್ನನ್ನು ಕಡಿದುಹಾಕುತ್ತದೆ, ಗಾಡಿ ಒಮ್ಮೆಲೇ ಮುಂದಕ್ಕೆ ಹೋದಂತಾಗುತ್ತದೆ. ಡ್ರೈವರ್ ಗಾಬರಿಯಾಗಿ ಬ್ರೇಕ್ ಒತ್ತುತ್ತಾನೆ. ಟ್ರೇಲರ್ ಬ್ರೇಕ್ ತಡವಾಗಿ ಹಿಡಿದರೆ ಹಿಂದಿನಿಂದ ತಳ್ಳಿ ಟ್ರಾಕ್ಟರ್ ಮಡಚಿಕೊಳ್ಳುತ್ತದೆ.

ಹಾಗಾಗಿ: ಟ್ರೇಲರಿಗೂ ಎಬಿಎಸ್ ಇರಲಿ. ಟ್ರಾಕ್ಟರ್, ಟ್ರೇಲರ್ ಬ್ರೇಕುಗಳ ಸಮಯ ಹೊಂದಿಸಿ, ಸ್ಲ್ಯಾಕ್ ಅಡ್ಜಸ್ಟರ್ (ಬ್ರೇಕಿನ ಸಡಿಲ ಸರಿಮಾಡುವ ಭಾಗ) ಪ್ರತಿ ವಾರ ನೋಡಿ. ಮಳೆಗೆ ರೀಜೆನ್ ಒಂದು ಹಂತ ಇಳಿಸಿ, ವೇಗ 15ಕ್ಕೆ ಕಟ್ಟಿ. 6×4 (ಹಿಂದಿನ ಎರಡು ಆಕ್ಸಲ್‌ಗೂ ಮೋಟರ್ ಬಲ) ಟ್ರಾಕ್ಟರ್ ಸಿಕ್ಕರೆ ಹಿಡಿತ ಹತ್ತಿರ ಹತ್ತಿರ ಎರಡು ಪಟ್ಟು, ಆದರೆ ತೂಕ ಜಾಸ್ತಿ, ಇನ್ನಷ್ಟು ಅದಿರು ಕಡಿತ. ಆ 6 ಕಿ.ಮೀ. ರಸ್ತೆಗೆ ಜಲ್ಲಿ ಹಾಕಿ ರೋಲರ್ ಹೊಡೆಸುವುದು ಇದಕ್ಕಿಂತ ಅಗ್ಗ ಅನ್ನುವುದು ನನ್ನ ಅಭಿಪ್ರಾಯ. ಕಿ.ಮೀ.ಗೆ 3 ಯೂನಿಟ್ ತಿನ್ನುವ ರಸ್ತೆ ಆಗ 2ಕ್ಕೆ ಇಳಿದರೂ ಇಳಿಯಬಹುದು.

ಹೆಚ್ಚಿನವರು ಮರೆಯುವುದು ಪಿಟಿಒ, ಅಂದರೆ ಗಾಡಿಯ ಬಲದಿಂದ ಬೇರೆ ಯಂತ್ರ ಓಡಿಸುವ ಜೋಡಣೆ. ಡೀಸೆಲ್ ಗಾಡಿಯಲ್ಲಿ ಟಿಪ್ಪಿಂಗ್ ಪಂಪು ಗೇರ್‌ಬಾಕ್ಸಿನ ಪಿಟಿಒದಿಂದ ಓಡುತ್ತದೆ. ಇ-ಆಕ್ಸಲ್ (ಆಕ್ಸಲ್‌ನಲ್ಲೇ ಮೋಟರ್ ಕೂತ) ಗಾಡಿಯಲ್ಲಿ ಆ ಗೇರ್‌ಬಾಕ್ಸೇ ಇಲ್ಲ. ಪಂಪಿಗೆ ಪ್ರತ್ಯೇಕ ಮೋಟರ್, ಇನ್ವರ್ಟರ್ ಬೇಕು, 25 ಕಿ.ವ್ಯಾ. ಸುಮಾರಿಗೆ. 36 ಟನ್ ಎತ್ತಲು ಅರ್ಧ ಯೂನಿಟ್ಟೂ ಆಗುವುದಿಲ್ಲ, ಖರ್ಚು ಲೆಕ್ಕಕ್ಕಿಲ್ಲ. ಆದರೆ ಹೈವೋಲ್ಟೇಜ್ ಡಬ್ಬಿಯಲ್ಲಿ ಅದಕ್ಕೊಂದು ಔಟ್‌ಪುಟ್ ಕಂಪನಿಯಿಂದಲೇ ಬಂದಿರಬೇಕು. ಆಮೇಲೆ ಹೊರಗೆ ಕೊಯ್ದು ಸೇರಿಸಿದರೆ ವಾರಂಟಿ ಹೋಯಿತು.

ತೊಳೆಯುವ ಬಗ್ಗೆ: ಪ್ರೆಶರ್ ವಾಷರನ್ನು ಕಿತ್ತಳೆ ಬಣ್ಣದ ಹೈವೋಲ್ಟೇಜ್ ಕೇಬಲ್ಲಿನ ಕನೆಕ್ಟರ್ ಕಡೆ ಹಿಡಿಯಬಾರದು. ನೀರು ಹೊಕ್ಕರೆ ಇನ್ಸುಲೇಷನ್ ಇಳಿಯುತ್ತದೆ. ಡಿಸಿ ಕಡೆ ವೋಲ್ಟಿಗೆ 100 ಓಮ್ ಕನಿಷ್ಠ, ಅಂದರೆ 620 ವೋಲ್ಟಿಗೆ 62 ಕಿಲೋ ಓಮ್. ಅದಕ್ಕಿಂತ ಕೆಳಗೆ ಬಂದರೆ ಗಾಡಿ ಎಚ್ಚರಿಕೆ ಕೊಟ್ಟು ನಿಲ್ಲುತ್ತದೆ, ಒಣಗುವವರೆಗೂ ಏಳುವುದಿಲ್ಲ. ರೇಡಿಯೇಟರನ್ನು ಹಿಂದಿನಿಂದ ಮುಂದಕ್ಕೆ ಗಾಳಿಯಲ್ಲಿ ಊದಿ. ಲೋಡ್ ಮಾಡುವಾಗ ಬಕೆಟ್ಟಿನಿಂದ ಉದುರುವ ಕಲ್ಲು ಬದಿಯ ಪ್ಯಾಕಿಗೆ ಬಡಿಯುತ್ತದೆ, ಪ್ಯಾಕಿನ ಮೇಲ್ಭಾಗಕ್ಕೂ ಬದಿಗೂ ಸ್ಟೀಲ್ ಗಾರ್ಡ್ ಇದೆಯೇ ನೋಡಿ.

ಘಟ್ಟದ_ಸೆಕೆಂಡ್_ಗೇರ್

ಇದೇ ಗಾಡಿ ಪಣಂಬೂರು ಬಂದರಿನಿಂದ ಶಿರಾಡಿ ಘಾಟಿ ಹತ್ತಿ ಹಾಸನಕ್ಕೆ ಕಂಟೇನರ್ ಹೊರಬಲ್ಲದೇ? ಅಲ್ಲಿ ಲೋಡು ಹತ್ತುವ ದಿಕ್ಕಿಗೆ.

ಇಳಿಜಾರು_ಲೆಕ್ಕ

300ರ ಗಾಡಿ ಒಂದೇ ಓಟಕ್ಕೆ ಆಗುವುದಿಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ. ಬರೀ ಎತ್ತರಕ್ಕೇ 135 ಯೂನಿಟ್, ನಷ್ಟ ಸೇರಿ 155. ಮಂಗಳೂರಿನಿಂದ ಅಲ್ಲಿಗೆ ಸುಮಾರು 130 ಕಿ.ಮೀ., ಗಾಳಿಯ ತಡೆ, ನಷ್ಟ ಸೇರಿ ಕಿ.ಮೀ.ಗೆ 1.5ರಂತೆ 195. ಒಟ್ಟು 350. 450ರ ಗಾಡಿಯೂ ಸಕಲೇಶಪುರಕ್ಕೆ ಬರುವಾಗ 20 ಶೇಕಡಾದ ಹತ್ತಿರ ಇರುತ್ತದೆ. ಚಾರ್ಜರ್ ಇರಬೇಕಾದದ್ದು ಘಾಟಿಯ ಬುಡದಲ್ಲಿ, ಉಪ್ಪಿನಂಗಡಿ-ನೆಲ್ಯಾಡಿ ಕಡೆ, ಇನ್ನೊಂದು ಮೇಲೆ ಹಾಸನದಲ್ಲಿ.

ಅಲ್ಲಿ ಬ್ಯಾಟರಿಗಿಂತ ಮೋಟರ್ ಮೊದಲು ಸೋಲಬಹುದು. 6 ಶೇಕಡಾ ಏರಿನಲ್ಲಿ 55 ಟನ್ನನ್ನು 20 ಕಿ.ಮೀ. ವೇಗದಲ್ಲಿ ಎಳೆಯಲು ಗಾಲಿಯಲ್ಲಿ 200 ಕಿ.ವ್ಯಾ. ಬೇಕು. ಘಾಟಿ ಹತ್ತುವುದು ಒಂದು ಗಂಟೆಯ ಕೆಲಸ. ಬ್ರೋಷರಿನ ದೊಡ್ಡ ಅಕ್ಷರದ ಪೀಕ್ ಪವರ್ ನಿಲ್ಲುವುದು ಸ್ವಲ್ಪ ಹೊತ್ತು, ಮೋಟರ್ ಕಾದರೆ ಕಂಟ್ರೋಲರ್ ಇಳಿಸುತ್ತದೆ, ಹಿಂದೆ ಬಸ್ಸುಗಳ ಸಾಲು. ಎಐಎಸ್ 041 (ಭಾರತದ ವಾಹನ ಪರೀಕ್ಷಾ ಮಾನಕ) ಪ್ರಕಾರ ಅಳೆದ 30 ನಿಮಿಷದ ಪವರ್ ಎಷ್ಟು ಅಂತ ಕೇಳಿ. ಅದು 200 ದಾಟದಿದ್ದರೆ ಕಂಟೇನರನ್ನು ಡೀಸೆಲ್ಲಿಗೇ ಬಿಡಿ.

ಏರ್‌ಬ್ರೇಕ್

ಮತ್ತೆ ಆ ಗಾಡಿ ಹಾಸನದಲ್ಲಿ ಪೂರ್ತಿ ತುಂಬಿಸಿಕೊಂಡು ಕಾಫಿ ಲೋಡಿನಲ್ಲಿ ಇಳಿಯಲು ಹೊರಟರೆ ಮೇಲಿನ ರೀಜೆನ್ ಕಥೆಯೇ. ಹಾಸನದಿಂದ 70-75ಕ್ಕೆ ಹೊರಡಿ.

ಎಚ್‌ಟಿ_ಪ್ಯಾನೆಲ್

ಸಬ್ಸಿಡಿ ಅಂದಿದ್ದಕ್ಕೆ: ಕೇಂದ್ರ ಸರ್ಕಾರದ ಎಲೆಕ್ಟ್ರಿಕ್ ವಾಹನ ಯೋಜನೆ ಪಿಎಂ ಇ-ಡ್ರೈವ್‌ನಲ್ಲಿ ಎನ್3 ವರ್ಗಕ್ಕೆ, ಅಂದರೆ 12ರಿಂದ 55 ಟನ್ನಿನ ಗಾಡಿಗೆ, ಗರಿಷ್ಠ 9.6 ಲಕ್ಷ. ಆದರೆ ಹಳೆಯ ಲಾರಿಯನ್ನು ಗುಜರಿಗೆ ಹಾಕಿದ ಪ್ರಮಾಣಪತ್ರ ಬೇಕು. 10 ಗಾಡಿಗೆ ಅದು ಎಲ್ಲಿಂದ ಬರುತ್ತದೆ ಅನ್ನುವುದು ಮೊದಲೇ ಗೊತ್ತಿರಲಿ, ಮೇಲಿನ 75 ಲಕ್ಷದ ಲೆಕ್ಕ ಸಬ್ಸಿಡಿ ಸಿಕ್ಕಿದೆ ಅಂತಲೇ ಹಾಕಿರುವುದು. ಜೊತೆಗೆ ಬ್ಯಾಟರಿ ವಾರಂಟಿ ವರ್ಷದ ಜೊತೆ ಕಿ.ಮೀ. ಮಿತಿಯನ್ನೂ ಹೇಳುತ್ತದೆ. ದಿನಕ್ಕೆ 6 ಸುತ್ತು, 432 ಕಿ.ಮೀ., ವರ್ಷಕ್ಕೆ 300 ದಿನ ಓಡಿದರೆ 1.3 ಲಕ್ಷ. 5 ಲಕ್ಷ ಕಿ.ಮೀ. ಮಿತಿ ಇದ್ದರೆ ಅದು ನಾಲ್ಕನೇ ವರ್ಷದ ಕೊನೆಯೊಳಗೆ ಮುಗಿದಿರುತ್ತದೆ, ನಿಮ್ಮ ಇಎಂಐ ಐದು ವರ್ಷದ್ದು.

ಅದಿರು_ಟ್ರಿಪ್

ಸರಿ. 300ರ ಗಾಡಿ, ಚಾರ್ಜರ್ ಯಾರ್ಡಿನ ಅನ್‌ಲೋಡಿಂಗ್ ಆದ ಮೇಲೆ ಗೇಟಿಗೆ ಮುಂಚೆ, ಮೊದಲು ಎರಡೇ ಗಾಡಿ ಹಾಕಿ ಒಂದು ಮಳೆಗಾಲ ನೋಡುವುದು. ಎರಡು ಗಾಡಿಗೂ 11 ಕೆವಿಯೇ ಬೇಕಾ?

ಎಚ್‌ಟಿ_ಪ್ಯಾನೆಲ್

ಎರಡು ಗಾಡಿಗೆ ದಿನಕ್ಕೆ 1,050 ಯೂನಿಟ್. 120 ಕಿ.ವ್ಯಾ.ನ ಒಂದೇ ಚಾರ್ಜರ್ ದಿನಕ್ಕೆ 9 ಗಂಟೆ ಓಡಿದರೆ ಸಾಕು. ಯಾರ್ಡಿಗೆ ಈಗಾಗಲೇ ಎಚ್‌ಟಿ ಸಂಪರ್ಕ ಇದ್ದರೆ ಅದರಲ್ಲಿ 135 ಕೆವಿಎ ಬಿಡುವಿದೆಯೇ ನೋಡಿ, ಕಳೆದ 12 ತಿಂಗಳ ಬಿಲ್ಲಿನ ಗರಿಷ್ಠ ಡಿಮ್ಯಾಂಡ್ ಕಾಲಂ ಓದಿದರೆ ಗೊತ್ತಾಗುತ್ತದೆ. ಕೇಬಲ್ ಟ್ರೆಂಚು ಮಾತ್ರ 10 ಗಾಡಿಗೆ ಬೇಕಾದಷ್ಟು ಅಗಲ ತೋಡಿಸಿ.